ನ್ಯೂಪೋರ್ಟಿನ ಬ್ರೇಕರ್ಸ್: ವಾಂಡರ್‌ಬಿಲ್ಟರ ಬೇಸಿಗೆ ಮನೆ
ಹಡಗು ಮತ್ತು ರೈಲು ಉದ್ಯಮಗಳಿಂದ ಅಪಾರ ಸಂಪತ್ತು ಗಳಿಸಿದ ಕಾರ್ನೀಲಿಯಸ್ ವಾಂಡರ್‌ಬಿಲ್ಟರ ಮೊಮ್ಮಗ, ಅದೇ ಹೆಸರಿನ ಎರಡನೆಯ ಕಾರ್ನೀಲಿಯಸ್, ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಕಡಲಂಚಿನಲ್ಲಿ ಕಟ್ಟಿಸಿದ 70 ಕೋಣೆಗಳ ಈ ಬಂಗಲೆಯನ್ನು ಆಗಿನ ಸಿರಿವಂತರು ‘ಕಾಟೇಜ್’ ಎಂದು ಕರೆಯುತ್ತಿದ್ದರೆಂದರೆ ನಗು ಬರುತ್ತದೆ. ರಿಚರ್ಡ್ ಮಾರಿಸ್ ಹಂಟ್ ವಿನ್ಯಾಸಗೊಳಿಸಿದ, 1895ರಲ್ಲಿ ಪೂರ್ಣಗೊಂಡ ಈ ಮನೆಯಲ್ಲಿ ನಿಂತು ನೋಡಬೇಕಾದದ್ದು, ನನ್ನ ಮಟ್ಟಿಗೆ, ಊಟದ ಕೋಣೆಯ ಚಿನ್ನದ ಮೆರುಗಲ್ಲ. ಸಿಹಿನೀರು, ಕಡಲ ನೀರು ಎರಡನ್ನೂ ಬಿಸಿಯಾಗಿಯೂ ತಣ್ಣಗೂ ಹರಿಸಲು ನಾಲ್ಕು ನಲ್ಲಿಗಳಿರುವ ಅಮೃತಶಿಲೆಯ ಸ್ನಾನದ ತೊಟ್ಟಿ. ಇಷ್ಟೆಲ್ಲ ಮಾಡಿಸಿಕೊಂಡವರು 1899ರಲ್ಲೇ ತೀರಿಕೊಂಡರು. ಮಗಳು 1948ರಲ್ಲಿ ವರ್ಷಕ್ಕೆ ಒಂದೇ ಡಾಲರಿನಂತೆ ಗುತ್ತಿಗೆಗೆ ಕೊಟ್ಟ ಬಂಗಲೆಯನ್ನು ಸ್ಥಳೀಯ ಸಂರಕ್ಷಣಾ ಸಂಘವು 1972ರಲ್ಲಿ ಕೊಂಡುಕೊಂಡಿತು. ತಾಮ್ರದ ಪಾತ್ರೆಗಳ ಸಾಲಿರುವ ಅಡುಗೆಮನೆಯನ್ನು ಮಾತ್ರ ಅವಸರದಲ್ಲಿ ದಾಟಬೇಡಿ.