ಹರಿಶ್ಚಂದ್ರನ ಪಂಥ, ಪಂಕ್ ರಾಕ್‌ನಲ್ಲಿ

ಪದವಿಪೂರ್ವ ಕಾಲೇಜಿನಲ್ಲಿ 22 ವರ್ಷ ಕನ್ನಡ ಪಾಠ ಮಾಡಿದವಳು ನಾನು. ಅಕ್ಕನ ಮಗ ಮೊಬೈಲಿಗೆ ಹಾಕಿಕೊಟ್ಟ ‘ಸಾರೋ’ ಎಂಬ ಇಂಗ್ಲಿಷ್ ಹಾಡನ್ನು ಮೊದಲು ಕೇಳಿದ್ದು ಸಾಗರದ ಬಸ್ಸಿನಲ್ಲಿ, ಒಂದು ಕಿವಿ ಸತ್ತ ಇಯರ್‌ಫೋನಿನಲ್ಲಿ. ಬರೀ ಗದ್ದಲವೆಂದು ಅರ್ಧಕ್ಕೇ ನಿಲ್ಲಿಸಿದೆ. ಅವನು ಬಿಡಲಿಲ್ಲ, ಸಾಲುಗಳನ್ನು ಹಾಳೆಯಲ್ಲಿ ಬರೆದುಕೊಟ್ಟು, ಮನೆಯ ಸ್ಪೀಕರಿನಲ್ಲಿ ಮತ್ತೆ ಕೇಳಿಸಿದ.

‘ಸಾರೋ’ ಅಂದರೆ ದುಃಖ. ಪಂಕ್ ರಾಕ್ ಎಂಬ ಅಬ್ಬರದ, ವೇಗದ ಸಂಗೀತ ನುಡಿಸುವ ಲಾಸ್ ಏಂಜಲೀಸ್‌ನ ಬ್ಯಾಡ್ ರಿಲಿಜನ್ ತಂಡದ 2002ರ ಆಲ್ಬಮ್‌ನಲ್ಲಿದೆ. ಬರೆದವರು ಗಿಟಾರ್ ವಾದಕ ಬ್ರೆಟ್ ಗುರೆವಿಟ್ಜ್, ಹಾಡಿದವರು ಗ್ರೆಗ್ ಗ್ರಾಫಿನ್. ಶಿಲುಬೆಯ ಮೇಲೆ ಅಡ್ಡಗೆರೆ ಎಳೆದ ಚಿತ್ರವೇ ತಂಡದ ಲಾಂಛನ. ಅಂಥವರು ಎತ್ತಿಕೊಂಡಿರುವುದು ಬೈಬಲ್ಲಿನ ಯೋಬನ ಕಥೆ!

ಮಕ್ಕಳು ಸತ್ತು, ಆಸ್ತಿ ಹೋಗಿ, ಬೂದಿಯಲ್ಲಿ ಕುಳಿತು ಬೋಕಿಯಿಂದ ಹುಣ್ಣು ಕೆರೆದುಕೊಳ್ಳುವ ಯೋಬನ ತಪ್ಪೇನು? ಏನೂ ಇಲ್ಲ. ಎಲ್ಲವನ್ನೂ ಕಳೆದುಕೊಂಡರೆ ಅವನು ಭಕ್ತಿ ಬಿಡುತ್ತಾನೋ ಇಲ್ಲವೋ ಎಂದು ದೇವರಿಗೂ ಸೈತಾನನಿಗೂ ಬಿದ್ದ ಪಂಥ ಅದು. ಹಾಡು ಅದನ್ನು ಜಂಬದ ತಂದೆಗೂ ಮಗನಿಗೂ ಬಿದ್ದ ಪಂಥ ಎನ್ನುತ್ತದೆ. ಆ ಸಾಲಿಗೆ ನಾನು ಹಾಳೆಯಿಂದ ತಲೆ ಎತ್ತಿದೆ. ಇಂದ್ರನ ಸಭೆಯಲ್ಲಿ ವಸಿಷ್ಠ, ವಿಶ್ವಾಮಿತ್ರರು ಮಾತಿಗೆ ಮಾತು ಬೆಳೆಸಿದ್ದಕ್ಕೆ ಸುಡುಗಾಡು ಕಾದವನು ರಾಘವಾಂಕನ ಹರಿಶ್ಚಂದ್ರನಲ್ಲವೇ?

ಅಲ್ಲಿ ಕೊನೆಗೆ ಲೋಹಿತಾಶ್ವ ಜೀವ ಪಡೆದು ಏಳುತ್ತಾನೆ. ಯೋಬನ 7,000 ಕುರಿಗಳು 14,000 ಆಗುತ್ತವೆ, ಹೊಸದಾಗಿ ಹತ್ತು ಮಕ್ಕಳೂ ಹುಟ್ಟುತ್ತವೆ. ಮೊದಲಿನ ಹತ್ತು ಮಕ್ಕಳು ಮಾತ್ರ ತಿರುಗಿ ಬರುವುದಿಲ್ಲ. ಹಾಡು ಈ ಪರಿಹಾರದ ಗೊಡವೆಗೇ ಹೋಗುವುದಿಲ್ಲ; ನನಗೆ ಹಿಡಿಸಿದ್ದು ಅದೇ. ಆಯುಧ ಕೆಳಗಿಡುವ ಸೈನಿಕರು, ಕಿರೀಟ ಬಿಟ್ಟುಕೊಡುವ ಅರಸರು, ನಮ್ಮಿಂದಲೇ ನಮ್ಮನ್ನು ಕಾಪಾಡುವ ಉದ್ಧಾರಕ: ಇವುಗಳಲ್ಲಿ ಒಂದಾದರೂ ನಡೆದರೆ ದುಃಖ ತೀರುತ್ತದಂತೆ. ಆಗಹೋಗದ ಮಾತು ಎಂದು ಹಾಡುವವರಿಗೂ ಗೊತ್ತು. ಆದರೂ ಪಲ್ಲವಿಯಲ್ಲಿ ಹಿಮ್ಮೇಳದ ದನಿಗಳೆಲ್ಲ ಕೂಡಿಕೊಂಡಾಗ, ಡ್ರಮ್ ಅಷ್ಟು ಅವಸರದಲ್ಲಿ ಓಡುತ್ತಿದ್ದರೂ, ಭಜನೆಯ ಕೊನೆಯ ಸುತ್ತಿನ ಹಾಗೆ ಮೈ ಜುಮ್ಮೆನ್ನುತ್ತದೆ. ಸತ್ತ ಇಯರ್‌ಫೋನಿನಲ್ಲಿ ಇದನ್ನೇ ಕಳೆದುಕೊಂಡಿದ್ದೆ.

ನನ್ನದೊಂದು ತಕರಾರಿದೆ. ಯೋಬನನ್ನು ಸಂತೈಸಲು ಬಂದು, ನೀನೇ ಪಾಪ ಮಾಡಿರಬೇಕು ಎಂದು ವಾದಿಸುವ ಮೂವರು ಗೆಳೆಯರನ್ನು ಹಾಡು ಕೈಬಿಟ್ಟಿದೆ. ನಮ್ಮಮ್ಮ ಹಾಸಿಗೆ ಹಿಡಿದಿದ್ದಾಗ ಕಿತ್ತಳೆ ತಂದು, “ಯಾವ ಜನ್ಮದ ಕರ್ಮವೋ” ಎಂದು ಅವಳ ಎದುರಿಗೇ ಅಂದು, ಕಾಫಿ ಕುಡಿದು ಹೋದವರು ನಮ್ಮ ನೆಂಟರಲ್ಲಿಯೇ ಇದ್ದಾರೆ. ಅವರಿಗೆಂದು ಒಂದು ಚರಣ ಬೇಕಿತ್ತು.