ಬಿಳಿ ಸಾಣೆಕಲ್ಲಿಗೆ ಮೆತ್ತಿದ ಕಪ್ಪು: ಆರು ಮುಖ, ಆರು ಉಪಾಯ

ಚಾಕು ಮೊಂಡಾಗಿದೆ ಅಂದುಕೊಂಡು ಒಂದು ತಿಂಗಳು ಸುಮ್ನೆ ಒದ್ದಾಡಿದೆ. ಟೊಮೆಟೊ ಸಿಪ್ಪೆಯ ಮೇಲೆ ಅಲಗು ಜಾರುತ್ತಿತ್ತು. ಎಷ್ಟು ಮಸೆದರೂ ಅಷ್ಟೇ. ಕೊನೆಗೆ ಕಲ್ಲಿನ ಮೇಲೆ ಬೆರಳಾಡಿಸಿ ನೋಡಿದೆ. ಗಾಜಿನ ಹಾಗೆ ನುಣ್ಣಗಿತ್ತು! ಬೆಳ್ಳಗಿದ್ದ ಕಲ್ಲು ಪೆನ್ಸಿಲ್ ಸೀಸ ಬಳಿದಂತೆ ಮಿರಿಮಿರಿ ಕಪ್ಪಾಗಿತ್ತು. ಅದು ಚಾಕುವನ್ನು ಕಚ್ಚುತ್ತಲೇ ಇರಲಿಲ್ಲ.

ನನ್ನ ಹತ್ತಿರ ಇರುವುದು ಸ್ಪೈಡರ್ಕೊ ಕಂಪನಿಯ ಶಾರ್ಪ್‌ಮೇಕರ್ ಎಂಬ ಚಾಕು ಮಸೆಯುವ ಸಾಧನ. ಅದರಲ್ಲಿ ಸಾಣೆಕಲ್ಲಾಗಿ ಮೂರು ಮುಖದ ಸೆರಾಮಿಕ್ ಕಡ್ಡಿಗಳಿರುತ್ತವೆ, ಕಂದು ಬಣ್ಣದವು ಎರಡು, ಬಿಳಿಯವು ಎರಡು. ಬಿಳಿಯದು ನಯವಾದದ್ದು. ಇದಕ್ಕೆ ನೀರೂ ಬೇಡ, ಎಣ್ಣೆಯೂ ಬೇಡ, ಒಣಗಿರುವಾಗಲೇ ಮಸೆಯಬಹುದು. ನೀರು ಹಾಕಿ ಮಸೆಯುವ ಕಲ್ಲಿನಲ್ಲಿ ಉಕ್ಕಿನ ಪುಡಿ ಕೆಸರಿನ ಜೊತೆ ಹೊರಟುಹೋಗುತ್ತದೆ. ಇಲ್ಲಿ ಕಲ್ಲೂ ಸವೆಯುವುದಿಲ್ಲ, ಪುಡಿಯೂ ಜಾಗ ಬಿಡುವುದಿಲ್ಲ, ಕಪ್ಪಾಗಿ ಮೆತ್ತಿಕೊಳ್ಳುತ್ತದೆ.

ಎರಡು ಬಿಳಿ ಕಡ್ಡಿ ಅಂದರೆ ಆರು ಮುಖ ಆಯಿತಲ್ವಾ? ಒಂದೊಂದು ಮುಖಕ್ಕೆ ಒಂದೊಂದು ಉಪಾಯ ಮಾಡಿ, ಉಜ್ಜಲು ಎಲ್ಲದಕ್ಕೂ ಎರಡೆರಡು ನಿಮಿಷ ಕೊಟ್ಟೆ.

ಮೊದಲು ಟೂತ್‌ಪೇಸ್ಟ್. ಹಳೇ ಬ್ರಷ್ ಹಿಡಿದು ಉಜ್ಜಿದೆ. ನೊರೆ ಬೂದು ಬಣ್ಣಕ್ಕೆ ತಿರುಗಿತು, ಕಲ್ಲು ಮಾತ್ರ ಹಾಗೇ ಇತ್ತು. ಅಡುಗೆ ಸೋಡಾ ಕಲಸಿ ಹಚ್ಚಿದ್ದೂ ಹೆಚ್ಚುಕಡಿಮೆ ಇದೇ ಕಥೆ. ಇವೆರಡನ್ನೂ ಬಿಟ್ಟುಬಿಡಿ.

ಮೂರನೆಯದು ಹುಣಸೆಹಣ್ಣು. ಹಿತ್ತಾಳೆ ದೀಪ ಬೆಳಗುವ ಕೈ ನಮ್ಮದು, ಇದರ ಮೇಲೆ ಆಸೆ ಜಾಸ್ತಿಯೇ ಇತ್ತು. ದಪ್ಪಗೆ ಹಚ್ಚಿ ಅರ್ಧ ಗಂಟೆ ಬಿಟ್ಟೆ. ಆ ಮುಖದ ಒಂದು ತುದಿಯಲ್ಲಿ ಊರಿನ ಕಬ್ಬಿಣದ ಕತ್ತಿ ಮಸೆದಿದ್ದೆ, ಉಳಿದ ಕಡೆ ಸ್ಟೀಲ್ ಚಾಕು. ಕತ್ತಿಯ ಕಪ್ಪು ಸಡಿಲವಾಗಿ ಬೆರಳಿಗೇ ಬಂತು. ಚಾಕುವಿನ ಕಪ್ಪು ಜಗ್ಗಲಿಲ್ಲ. ಯೋಚಿಸಿದರೆ ಸರಿಯೇ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕ್ರೋಮಿಯಂ ಇರುತ್ತದೆ. ಸಾರಿನ ಹುಳಿಯನ್ನೇ ದಿನಾ ತಡೆದುಕೊಳ್ಳುವ ಲೋಹ ಅದು, ಇಷ್ಟಕ್ಕೆಲ್ಲ ಕರಗುತ್ತದೆಯೇ?

ನಾಲ್ಕನೆಯದು ಮ್ಯಾಜಿಕ್ ಸ್ಪಂಜ್ ಅಂತ ಮಾರುತ್ತಾರಲ್ಲ, ಆ ಬಿಳಿ ಮೆಲಮೈನ್ ಸ್ಪಂಜು. ಒದ್ದೆ ಮಾಡಿ ಉಜ್ಜಿದರೆ ಕಪ್ಪು ಚೆನ್ನಾಗಿ ಬಿಡುತ್ತದೆ. ಆದರೆ ಕಡ್ಡಿಯ ಅಂಚಿಗೆ ಸಿಕ್ಕಿ ಸ್ಪಂಜು ಪುಡಿಪುಡಿಯಾಯಿತು. ಒಂದು ಮುಖ ಮುಗಿಯುವಷ್ಟರಲ್ಲಿ ಅರ್ಧ ತುಂಡು ಖಾಲಿ.

ಐದನೆಯದು ಪಾತ್ರೆ ತೊಳೆಯುವ ಒರಟು ಪುಡಿ, ಜೊತೆಗೆ ಹಸಿರು ಸ್ಕ್ರಬ್ಬರ್. ಸ್ಪೈಡರ್ಕೊದವರ ಸಲಹೆಯೂ ಹೆಚ್ಚುಕಡಿಮೆ ಇದೇ. ಪುಡಿ ಹಸಿಯಾಗಿರಬೇಕು, ನೀರು ಸುರಿಯಬಾರದು. ಮೊದಲ ಅರ್ಧ ನಿಮಿಷ ಏನೂ ಕಾಣಲಿಲ್ಲ. ಆಮೇಲೆ ಸ್ಕ್ರಬ್ಬರ್ ಕೆಳಗೆ ಇದ್ದಿಲು ಕಲಸಿದಂಥ ಕೆಸರು ಬಂತು. ತೊಳೆದು ನೋಡಿದರೆ ಅಂಗಡಿಯಿಂದ ತಂದ ದಿನದ ಬಿಳುಪು! ಉಗುರಿನಿಂದ ಗೀರಿದರೆ ಸಣ್ಣಗೆ ಕರಕರ ಎನ್ನುತ್ತದೆ. ಆ ಕರಕರವೇ ಚಾಕುವನ್ನು ಹರಿತ ಮಾಡುವುದು. ಒಂದೇ ಕಷ್ಟ, ಸಿಂಕ್ ಹತ್ತಿರ ನಿಲ್ಲಬೇಕು, ಕಡ್ಡಿ ಪೂರ್ತಿ ಒಣಗುವವರೆಗೆ ಕಾಯಬೇಕು. ಒದ್ದೆ ಕೈಯಲ್ಲಿ ಹುಷಾರು, ಕೆಳಗೆ ಬಿದ್ದರೆ ಸೆರಾಮಿಕ್ ಎರಡು ತುಂಡು.

ಕೊನೆಯದು ಮಕ್ಕಳ ಪೆನ್ಸಿಲ್ ರಬ್ಬರ್. ಇದರ ಮೇಲೆ ನಂಬಿಕೆಯೇ ಇರಲಿಲ್ಲ. ಒಣ ಕಲ್ಲಿನ ಮೇಲೆ ಒತ್ತಿ ಎಳೆದೆ. ಕಪ್ಪು ಸುರುಳಿ ಸುರುಳಿಯಾಗಿ ಎದ್ದು ಬಂತು, ನೋಟ್‌ಬುಕ್ಕಿನಲ್ಲಿ ತಪ್ಪು ಅಳಿಸಿದಂತೆ. ಪುಡಿ ಕೊಟ್ಟಷ್ಟು ಬಿಳುಪು ಬರಲಿಲ್ಲ, ಆಳದಲ್ಲಿ ತೆಳು ಬೂದು ಉಳಿಯಿತು. ಆದರೆ ನೀರಿಲ್ಲ, ಕಾಯುವ ಕೆಲಸವಿಲ್ಲ, ಕೂತ ಜಾಗದಲ್ಲೇ ಮುಗಿಯುತ್ತದೆ. ಮಸೆಯುವ ಮಧ್ಯೆ ಕಲ್ಲು ಜಾರಿದರೂ ಒಮ್ಮೆ ಎಳೆದು ಮುಂದುವರಿಸಬಹುದು.

ನನಗೆ ಗೆದ್ದದ್ದು ರಬ್ಬರ್. ಚಾಕು ಮಸೆದಾಗಲೆಲ್ಲ ಉಜ್ಜಿಬಿಡುತ್ತೇನೆ, ಎರಡು ಮೂರು ತಿಂಗಳಿಗೊಮ್ಮೆ ಪುಡಿ, ಸ್ಕ್ರಬ್ಬರ್. ಈಗ ಕಲ್ಲು ಆ ಮಟ್ಟಕ್ಕೆ ಕಪ್ಪಾಗುವುದೇ ಇಲ್ಲ.

ಸ್ಟೀಲ್ ನಾರನ್ನು ಮಾತ್ರ ಮುಟ್ಟಿಸಬೇಡಿ. ಕಲ್ಲು ಉಕ್ಕಿಗಿಂತ ಗಟ್ಟಿ, ನಾರನ್ನೇ ಸವೆಸಿ ಇನ್ನಷ್ಟು ಕಪ್ಪು ಹತ್ತಿಸಿಕೊಳ್ಳುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಬಳಸುವವರೂ ಇದ್ದಾರೆ. ಉಕ್ಕನ್ನು ಅದು ಕರಗಿಸುವುದು ನಿಜ. ಆದರೆ ಬ್ಲೀಚ್ ಜೊತೆ ಸೇರಿದರೆ ಕ್ಲೋರಿನ್ ವಿಷಗಾಳಿ ಏಳುತ್ತದೆ. ಅಡುಗೆಮನೆಗೆ ಅದು ಬೇಡವೇ ಬೇಡ ಅಂತ ನಾನು ಹತ್ತಿರಕ್ಕೂ ತರಲಿಲ್ಲ.

ಸಾಣೆಕಲ್ಲು ಇಲ್ಲದೆ ಪಿಂಗಾಣಿ ಟೀ ಕಪ್‌ನ ತಳದ ಒರಟು ಉಂಗುರದ ಮೇಲೆ ಚಾಕು ಎಳೆಯುತ್ತೀರಾ? ಆ ಉಂಗುರವನ್ನೊಮ್ಮೆ ತಿರುಗಿಸಿ ನೋಡಿ, ಅಲ್ಲೂ ಇದೇ ಕಪ್ಪು ಗೆರೆ ಇರುತ್ತದೆ. ಅದಕ್ಕೂ ರಬ್ಬರ್ ಸಾಕು.