ನೀರಿನ ಬೀಗದ ಉಪ್ಪಿನಕಾಯಿ ಜಾಡಿ: ಮುಚ್ಚಳ ಚೆನ್ನ, ಭಾರ ನೋಡಿ ಕೊಳ್ಳಿ

ಅಗಲ ಬಾಯಿಯ 2 ಲೀಟರ್ ಗಾಜಿನ ಜಾಡಿ, ನಡುವೆ ತೂತಿರುವ ಪ್ಲಾಸ್ಟಿಕ್ ಮುಚ್ಚಳ, ಆ ತೂತಿನ ರಬ್ಬರ್ ಉಂಗುರಕ್ಕೆ ಸಿಕ್ಕಿಸುವ ನೀರಿನ ಬೀಗ (ಒಳಗೆ ನೀರು ತುಂಬುವ ಪುಟ್ಟ ಕೊಳವೆ), ಒಳಗಿಡಲು ದುಂಡನೆಯ ಗಾಜಿನ ಭಾರ, ಒತ್ತಲು ಒಂದು ಮರದ ಕೋಲು. ಹಲವು ಕಂಪನಿಗಳು ಹೆಚ್ಚುಕಡಿಮೆ ಇದೇ ಸೆಟ್ಟನ್ನು ಮಾರುತ್ತವೆ. ತೋಟದ ತರಕಾರಿಯನ್ನು ವಿನೆಗರ್ ಇಲ್ಲದೆ ಬರೀ ಉಪ್ಪುನೀರಿನಲ್ಲಿ ಹುಳಿ ಬರಿಸಿ ಇಡುವವರು ಧೈರ್ಯವಾಗಿ ಕೊಳ್ಳಬಹುದು. ಆದರೆ ಜಾಹೀರಾತು ಹೊಗಳುವುದೆಲ್ಲ ಮುಚ್ಚಳವನ್ನು. ಕೆಲಸ ಕೆಡುವುದು ಮಾತ್ರ ಭಾರದಲ್ಲಿ, ಅದಕ್ಕೂ ಮೊದಲು ತರಕಾರಿಯ ತಯಾರಿಯಲ್ಲಿ.

ಮೊದಲು ಮುಚ್ಚಳ. ತರಕಾರಿಯ ಮೇಲೆ ತಾನಾಗಿ ಇರುವ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳಿಗೆ ಗಾಳಿ ಬೇಕಿಲ್ಲ, ಬೂಷ್ಟಿಗೆ ಬೇಕೇ ಬೇಕು. ಮೊದಲ ಮೂರ್ನಾಲ್ಕು ದಿನ ಇಂಗಾಲದ ಡೈಆಕ್ಸೈಡ್ ಜೋರಾಗಿ ಹುಟ್ಟಿ, ಜಾಡಿಯ ಮೇಲ್ಭಾಗದ ಗಾಳಿಯನ್ನು ತಳ್ಳಿಕೊಂಡು ಗುಳ್ಳೆಗುಳ್ಳೆಯಾಗಿ ಹೊರಹೋಗುತ್ತದೆ. ಹೊರಗಿನ ಗಾಳಿ ಒಳಬರಲು ಬೀಗದ ನೀರು ಬಿಡುವುದಿಲ್ಲ. ಈ ಕೆಲಸವನ್ನು ಸೆಟ್ ಚೆನ್ನಾಗಿ ಮಾಡುತ್ತದೆ. ಒಂದು ವಾರ ಕಳೆದ ಮೇಲೆ ರುಚಿ ನೋಡಲೆಂದು ಪದೇ ಪದೇ ತೆರೆದರೆ ಮಾತ್ರ ಅನುಕೂಲ ಅಲ್ಲಿಗೇ ಮುಗಿಯಿತು. ಒಳಹೊಕ್ಕ ಗಾಳಿಯನ್ನು ಮತ್ತೆ ಹೊರದಬ್ಬುವಷ್ಟು ಅನಿಲ ಆಗ ಹುಟ್ಟುವುದಿಲ್ಲ.

ಸೋರಿಕೆ ಆಗುವುದು ಹೆಚ್ಚಾಗಿ ರಬ್ಬರ್ ಉಂಗುರದ ಬಳಿ. ತರಕಾರಿ ಹಾಕುವ ಮೊದಲೇ ಪರೀಕ್ಷಿಸಿ: ಖಾಲಿ ಜಾಡಿಗೆ ಸ್ವಲ್ಪ ವಿನೆಗರ್ ಸುರಿದು, ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ, ತಕ್ಷಣ ಮುಚ್ಚಿ. ಬೀಗದ ನೀರಿನಲ್ಲಿ ಗುಳ್ಳೆ ಎದ್ದರೆ ಸರಿಯಾಗಿದೆ. ಏಳದಿದ್ದರೆ ಅನಿಲ ಬೇರೆಲ್ಲೋ ಹೋಗುತ್ತಿದೆ. ಉಂಗುರವನ್ನು ಒದ್ದೆ ಮಾಡಿ ಮತ್ತೆ ಕೂರಿಸಿ. ಆಗಲೂ ಸೋರಿದರೆ ವಾಪಸ್ ಕಳಿಸಿ. ಬೀಗದಲ್ಲಿ ಎರಡು ಬಗೆ ಇವೆ. ಬಾಗಿದ ಕೊಳವೆಯದು ನೋಡಲು ಚೆಂದ, ಒಳಗೆ ತೊಳೆಯಲು ಆಗುವುದಿಲ್ಲ. ಮೂರು ಭಾಗ ಬಿಚ್ಚಿಕೊಳ್ಳುವುದನ್ನೇ ಆರಿಸಿ. ನೀರು ಬೇಡದ ಸಿಲಿಕೋನ್ ಕವಾಟದ ಮುಚ್ಚಳವೂ ಸಿಗುತ್ತದೆ. ಉಪ್ಪು ಒಣಗಿ ಅದರ ಸೀಳು ಅಂಟಿಕೊಳ್ಳುತ್ತದೆ, ಆಗಾಗ ಬೆರಳಲ್ಲಿ ಒತ್ತಿ ನೋಡಬೇಕು.

ಇನ್ನು ಭಾರ. ಹೆಚ್ಚಿನ ಸೆಟ್ಟುಗಳು ಎಡವುವುದು ಇಲ್ಲೇ. ಭಾರವು ಬಾಯಿಯಲ್ಲಿ ತೂರಬೇಕಾದ್ದರಿಂದ ಬಾಯಿಗಿಂತ ಚಿಕ್ಕದಿರುತ್ತದೆ. ಜಾಡಿಗೆ ಭುಜವಿದ್ದು ಹೊಟ್ಟೆ ಅಗಲವಾಗಿದ್ದರೆ ಸುತ್ತಲೂ ಎರಡು ಬೆರಳಿನಷ್ಟು ಸಂದು ಉಳಿಯುತ್ತದೆ. ಅನಿಲ ಏಳುವಾಗ ಕ್ಯಾರೆಟ್ ಚೂರು, ಸಾಸಿವೆ, ಸೊಪ್ಪು ಎಲ್ಲ ಆ ಸಂದಿಯಿಂದ ಮೇಲೆ ಬಂದು ತೇಲುತ್ತವೆ, ಬೂಷ್ಟು ಹಿಡಿಯುವುದು ಆ ತೇಲುವ ಚೂರಿಗೇ. ಹಾಗಾಗಿ ಭುಜವಿಲ್ಲದ, ನೇರ ಗೋಡೆಯ ಜಾಡಿ ಹುಡುಕಿ. ಭುಜದ ಜಾಡಿ ಈಗಾಗಲೇ ಇದ್ದರೆ ತರಕಾರಿಯ ಮೇಲೆ ಎಲೆಕೋಸಿನ ಅಗಲವಾದ ಹೊರ ಎಲೆ ಹಾಸಿ, ಅಂಚನ್ನು ಗೋಡೆಗೆ ಸಿಕ್ಕಿಸಿ, ಅದರ ಮೇಲೆ ಭಾರ ಇಡಿ. ಹೆಚ್ಚಿದ ಎಲೆಕೋಸನ್ನು ಅನಿಲ ಮೇಲಕ್ಕೆತ್ತುತ್ತದೆ, ಅದಕ್ಕೆ ಒಂದರ ಮೇಲೊಂದು ಎರಡು ಭಾರ ಬೇಕಾಗಬಹುದು. ನುಣುಪಾದ ಬಿಲ್ಲೆಯನ್ನು ಉಪ್ಪುನೀರಿನಿಂದ ತೆಗೆಯುವುದು ಕಷ್ಟ, ಹಿಡಿ ಇರುವುದೇ ಮೇಲು. ಭಾರ ಸಾಲದೆಂದು ಅಮೃತಶಿಲೆಯ ತುಂಡು ಹಾಕಬೇಡಿ: ಆಮ್ಲ ಅದನ್ನು ಕರಗಿಸುತ್ತದೆ, ಹುಳಿಯೂ ಇಳಿದುಹೋಗುತ್ತದೆ.

ಜಾಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಾಧಾರಣ ಗಾಜು, ಬಿಸಿನೀರು ಸುರಿದರೆ ಸೀಳುತ್ತದೆ. ಉಪ್ಪುನೀರು ಪೂರ್ತಿ ಆರಿದ ಮೇಲೇ ಸುರಿಯಿರಿ.

ತರಕಾರಿ ಸಿದ್ಧಪಡಿಸುವ ವಿಷಯಕ್ಕೆ ಸೆಟ್ಟಿನ ಜೊತೆ ಬರುವ ಚೀಟಿ ಎರಡು ಸಾಲೂ ಕೊಡದಿದ್ದರೆ ಆಶ್ಚರ್ಯವಿಲ್ಲ. ಸೌತೆಕಾಯಿಯನ್ನೇ ತೆಗೆದುಕೊಳ್ಳಿ. ಬೀಜ ಬಲಿಯದ, 10 ಸೆಂ.ಮೀ. ಆಸುಪಾಸಿನ ಎಳೆಕಾಯಿ ಬೇಕು, ಕೊಯ್ದ ದಿನವೇ ಜಾಡಿಗೆ ಹೋಗಬೇಕು. ಕೊಯ್ದ ಮೇಲೆ ಒಂದೆರಡು ಗಂಟೆ ಐಸ್ ನೀರಿನಲ್ಲಿಟ್ಟರೆ ಬಾಡಿದ್ದು ಮತ್ತೆ ಬಿಗಿಯಾಗುತ್ತದೆ. ಹೂವಿದ್ದ ತುದಿಯನ್ನು 2ರಿಂದ 3 ಮಿ.ಮೀ. ಕತ್ತರಿಸಿ ಎಸೆಯಲೇಬೇಕು, ಕಾಯಿಯನ್ನು ಮೆತ್ತಗೆ ಮಾಡುವ ಕಿಣ್ವಗಳು ಅಲ್ಲಿರುತ್ತವೆ. ತೊಟ್ಟಿನ ಕಡೆ ಬಿಟ್ಟರೂ ನಡೆಯುತ್ತದೆ. ಮೇಣ ಹಚ್ಚಿದ ಕಾಯಿಯೊಳಗೆ ಉಪ್ಪುನೀರು ಇಳಿಯುವುದಿಲ್ಲ, ಅದು ಈ ಕೆಲಸಕ್ಕೆ ಬಾರದು.

ಕ್ಯಾರೆಟ್, ಮೂಲಂಗಿಯ ಸಿಪ್ಪೆ ತೆಗೆಯಬೇಕಿಲ್ಲ, ಮಣ್ಣು ಮಾತ್ರ ಬ್ರಷ್‌ನಿಂದ ಉಜ್ಜಿ ಹೋಗಿಸಿ. ಹೂಕೋಸನ್ನು ಬಿಡಿಸಿ ಉಪ್ಪುನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿದರೆ ಹುಳು ಹೊರಬರುತ್ತದೆ, ನಂತರ ತೊಳೆಯಿರಿ. ಹಸಿಮೆಣಸಿನಕಾಯಿ ಇಡಿಯಾಗಿ ಹಾಕುವುದಾದರೆ ಒಂದು ಸೀಳು ಕೊಡಿ, ಒಳಗಿನ ಗಾಳಿಯಿಂದ ತೇಲುವುದು ತಪ್ಪುತ್ತದೆ. ಬೀಟ್‌ರೂಟನ್ನು ತುರಿಯಬೇಡಿ. ಅದರಲ್ಲಿ ಸಕ್ಕರೆ ಹೆಚ್ಚು. ತುರಿದರೆ ಒಮ್ಮೆಗೇ ಬಿಟ್ಟುಕೊಂಡು ಯೀಸ್ಟ್ ಮೇಲುಗೈ ಆಗುತ್ತದೆ, ಹೆಂಡದ ವಾಸನೆ ಬರುತ್ತದೆ. ದಪ್ಪ ಹೋಳೇ ಸರಿ.

ಉಪ್ಪಿಗೆ ಚಮಚದ ಲೆಕ್ಕ ಬಿಟ್ಟು ತಕ್ಕಡಿ ಹಿಡಿಯಿರಿ. ಕಲ್ಲುಪ್ಪು, ಪುಡಿಯುಪ್ಪು ಒಂದೇ ಚಮಚದಲ್ಲಿ ಒಂದೇ ತೂಕ ಬರುವುದಿಲ್ಲ. ಜಾಡಿಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ತರಕಾರಿ ತುಂಬಿ, ಮುಳುಗುವಷ್ಟು ನೀರು ಹಾಕಿ, ಒಟ್ಟು ತೂಕ ನೋಡಿ. ತರಕಾರಿ 900 ಗ್ರಾಂ, ನೀರು 600 ಗ್ರಾಂ ಆದರೆ ಒಟ್ಟು 1,500. ಸೌತೆಗೆ ಶೇ. 4ರಂತೆ 60 ಗ್ರಾಂ ಉಪ್ಪು, ಕ್ಯಾರೆಟ್ ಮತ್ತು ಹೂಕೋಸಿಗೆ ಶೇ. 3ರಂತೆ 45 ಗ್ರಾಂ. ಆ ನೀರನ್ನೇ ಹೊರಗೆ ಬಸಿದು ಉಪ್ಪು ಕರಗಿಸಿ ಮತ್ತೆ ಸುರಿಯಿರಿ. ಮೊದಲ ದಿನ ನಾಲಿಗೆಗೆ ಇಟ್ಟರೆ ವಿಪರೀತ ಉಪ್ಪೆನಿಸುತ್ತದೆ, ತರಕಾರಿ ಹೀರಿಕೊಂಡ ಮೇಲೆ ಸಮನಾಗುತ್ತದೆ. ಎಲೆಕೋಸಿಗೆ ನೀರೇ ಬೇಡ: ತೂಕದ ಶೇ. 2ರಿಂದ 2.5 ಉಪ್ಪು ಹಾಕಿ ಕಿವುಚಿ, ಕೋಲಿನಿಂದ ಒತ್ತಿದರೆ ತನ್ನ ರಸದಲ್ಲೇ ಮುಳುಗುತ್ತದೆ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇದ್ದರೆ ಕುದಿಸಿ ಆರಿಸಿ ಬಳಸಿ. ಪುಡಿಯುಪ್ಪಿನಲ್ಲಿ ಗಂಟು ಕಟ್ಟದಿರಲು ಬೆರೆಸುವ ವಸ್ತುವಿನಿಂದ ನೀರು ಮಂಜಾಗುತ್ತದೆ, ಬೇರೆ ತೊಂದರೆಯಿಲ್ಲ.

ಮೇಲೆ 4ರಿಂದ 5 ಸೆಂ.ಮೀ. ಖಾಲಿ ಬಿಡಿ. ಕಂಠದವರೆಗೆ ತುಂಬಿದರೆ ನೊರೆ ಉಕ್ಕಿ ಬೀಗಕ್ಕೆ ಹತ್ತುತ್ತದೆ, ಒಣಗಿ ಕಟ್ಟಿಕೊಳ್ಳುತ್ತದೆ. ಬೀಗದ ನೀರು ಆವಿಯಾಗುತ್ತಲೇ ಇರುತ್ತದೆ, ಎರಡು ಮೂರು ದಿನಕ್ಕೊಮ್ಮೆ ನೋಡಿ ತುಂಬಿಸಿ. ರಾತ್ರಿ ತಣ್ಣಗಾದಾಗ ಆ ನೀರು ಒಳಕ್ಕೆ ಎಳೆದುಕೊಳ್ಳುವುದುಂಟು, ಆದ್ದರಿಂದ ಕುದಿಸಿ ಆರಿಸಿದ ಶುದ್ಧ ನೀರನ್ನೇ ಹಾಕಿರಿ.

ಎಲೆಕೋಸು 21ರಿಂದ 24 ಡಿಗ್ರಿ ಸೆಲ್ಸಿಯಸ್‌ನಲ್ಲಿ 3ರಿಂದ 4 ವಾರ ತೆಗೆದುಕೊಳ್ಳುತ್ತದೆ, 16ರಿಂದ 18 ಡಿಗ್ರಿಯಲ್ಲಿ 5ರಿಂದ 6 ವಾರ. ಅದಕ್ಕಿಂತ ತಣ್ಣಗಿದ್ದರೆ ಹುಳಿ ಏಳದೇ ಹೋಗಬಹುದು. 24 ದಾಟಿದರೆ ಬೇಗ ಆಗುತ್ತದೆ, ಜೊತೆಗೆ ಮೆತ್ತಗಾಗುತ್ತದೆ. ಸೆಕೆಯ ದಿನಗಳಲ್ಲಿ ಜಾಡಿಯನ್ನು ತಣ್ಣೀರಿನ ತಟ್ಟೆಯಲ್ಲಿಟ್ಟು ಒದ್ದೆ ಬಟ್ಟೆ ಸುತ್ತಿದರೆ ಸ್ವಲ್ಪ ಅನುಕೂಲ.

ನೀರು ಮಂಜಾಗುವುದು, ತಳದಲ್ಲಿ ಬಿಳಿ ಪುಡಿ ಕೂರುವುದು, ಬೆಳ್ಳುಳ್ಳಿ ನೀಲಿಯಾಗುವುದು, ಇವಕ್ಕೆ ಹೆದರಬೇಕಿಲ್ಲ. ಮೇಲೆ ತೆಳ್ಳಗೆ ಬಿಳಿ ಕೆನೆಯಂತಹ ಪದರ ಕಂಡರೆ ಅದು ಯೀಸ್ಟ್. ತೆಗೆದುಹಾಕಿ, ಸೋರಿಕೆ ಇದೆಯೇ ನೋಡಿ. ನವಿರಾದ ಕೂದಲು ಎದ್ದ, ಹಸಿರು, ಕಪ್ಪು ಅಥವಾ ಗುಲಾಬಿ ಬಣ್ಣದ ಬೂಷ್ಟಾದರೆ ಪೂರ್ತಿ ಜಾಡಿ ಚೆಲ್ಲಿ, ಮೇಲಿನದನ್ನಷ್ಟೇ ತೆಗೆದು ಉಳಿದದ್ದು ತಿನ್ನುವುದು ಬೇಡ. ಕಾಯಿ ಲೋಳೆಯಾದರೆ ಉಪ್ಪು ಕಡಿಮೆಯಾಗಿದೆ, ಇಲ್ಲವೇ ಸೆಕೆ ಹೆಚ್ಚಾಗಿದೆ, ಅದೂ ಚೆಲ್ಲುವುದೇ. ಹುಳಿಯ ಮಟ್ಟ ತೋರಿಸುವ ಪಿಎಚ್ ಪಟ್ಟಿ ಸೆಟ್ಟಿನಲ್ಲಿ ಇರದಿದ್ದರೆ ಬೇರೆ ಕೊಂಡುಕೊಳ್ಳಿ; ಅಂಕಿ ಇಳಿದಷ್ಟೂ ಹುಳಿ ಹೆಚ್ಚು. 4.6ಕ್ಕಿಂತ ಕೆಳಗಿದ್ದರೆ ಬಾಟುಲಿಸಂ ಎಂಬ ಮಾರಕ ಆಹಾರವಿಷ ತರುವ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಚೆನ್ನಾಗಿ ಹುಳಿಬಂದ ಜಾಡಿ 4ಕ್ಕಿಂತಲೂ ಕೆಳಗಿಳಿದಿರುತ್ತದೆ.

ಈ ಮುಚ್ಚಳವನ್ನು ವಿನೆಗರ್ ಉಪ್ಪಿನಕಾಯಿಗೆ, ಜಾಡಿಯನ್ನು ಕುದಿಯುವ ನೀರಿನಲ್ಲಿಟ್ಟು ಮೊಹರು ಮಾಡುವುದಕ್ಕೆ ಬಳಸಲಾಗದು. ಅದಕ್ಕೆ ಬೇರೆಯೇ ಜಾಡಿ, ಬೇರೆ ಮುಚ್ಚಳ, ಶೇ. 5 ಆಮ್ಲದ ವಿನೆಗರ್ ಬೇಕು. ಹುಳಿ ಸಾಕೆನಿಸಿದಾಗ ನೀರಿನ ಬೀಗ ತೆಗೆದು, ತೂತಿಲ್ಲದ ಪ್ಲಾಸ್ಟಿಕ್ ಮುಚ್ಚಳ ಹಾಕಿ ಫ್ರಿಜ್‌ಗೆ ಇಡಿ. ಲೋಹದ ಮುಚ್ಚಳ ಉಪ್ಪಿಗೆ ತುಕ್ಕು ಹಿಡಿಯುತ್ತದೆ. ತರಕಾರಿ ರಸದಲ್ಲಿ ಮುಳುಗಿರುವವರೆಗೆ ತಿಂಗಳುಗಟ್ಟಲೆ ಉಳಿಯುತ್ತದೆ. ಖಾಲಿಯಾದ ಜಾಡಿಯ ಹಳೆಯ ಉಪ್ಪುನೀರಿಗೆ ಹೊಸ ಸೌತೆ ಹಾಕಿ ಹೊರಗಿಡಬೇಡಿ, ಹೊಸ ಕಾಯಿಯ ನೀರು ಸೇರಿ ಉಪ್ಪೂ ಹುಳಿಯೂ ಎಷ್ಟಕ್ಕೆ ಇಳಿಯುತ್ತವೆಂದು ಲೆಕ್ಕ ಸಿಗುವುದಿಲ್ಲ.